ಹೆಂಜೇರಿನ ಕಲ್ಲುಗಳೂ ಗಣಕಯಂತ್ರವೂ

ಅಮರಾಪುರ, ಅಗಳಿ, ರೊಳ್ಳದ ಕಡೆಯ ವಾಚಕರಿಗೆ ಹೇಮಾವತಿಯನ್ನು ಪರಿಚಯಿಸುವ ಅಗತ್ಯವಿಲ್ಲ. ಆದರೆ ಈ ಮಾಸಪತ್ರಿಕೆ ಕಾಸರಗೋಡಿಗೂ ಅಕ್ಕಲಕೋಟೆಗೂ ತಾಳವಾಡಿಗೂ ಹೋಗುವುದರಿಂದ ಆ ಕಡೆಯ ಬಂಧುಗಳಿಗಾಗಿ ನಾಲ್ಕು ಮಾತು ಹೇಳಬೇಕಾಗಿದೆ. ಹೇಮಾವತಿ ಈಗ ಆಂಧ್ರಪ್ರದೇಶದ ಶ್ರೀ ಸತ್ಯಸಾಯಿ ಜಿಲ್ಲೆಯ ಅಮರಾಪುರ ಮಂಡಲದ ಒಂದು ಹಳ್ಳಿ. ಸಾವಿರ ವರ್ಷಗಳಿಗೂ ಹಿಂದೆ ಅದು ಹೆಂಜೇರು. ಶಾಸನಗಳು ನೊಳಂಬವಾಡಿ 32,000 ಎಂದು ಕರೆಯುವ ನಾಡಿನ ರಾಜಧಾನಿ. ನೊಳಂಬ ಅರಸರು ಎಂಟನೆಯ ಶತಮಾನದಿಂದ ಹನ್ನೊಂದನೆಯ ಶತಮಾನದವರೆಗೆ ಒಮ್ಮೆ ಗಂಗರೊಡನೆ ಸೆಣಸುತ್ತ, ಒಮ್ಮೆ ರಾಷ್ಟ್ರಕೂಟರಿಗೆ ತಲೆಬಾಗುತ್ತ ಈ ನಾಡನ್ನು ಆಳಿದರು. ಗಂಗರ ಎರಡನೆಯ ಮಾರಸಿಂಹನಂತೂ ನೊಳಂಬಕುಲಾಂತಕನೆಂಬ ಬಿರುದನ್ನೇ ಧರಿಸಿದನು. ಆದರೂ ಕುಲ ಅಳಿಯಲಿಲ್ಲ; ಅವರ ಕಾಲದ ಕಲ್ಲುಕೆಲಸವೂ ಅಳಿಯಲಿಲ್ಲ. ಹೇಮಾವತಿಯ ದೊಡ್ಡೇಶ್ವರ ದೇವಾಲಯದ ಜಾಲಂದ್ರಗಳ ಮುಂದೆ ಅರ್ಧ ಗಳಿಗೆ ನಿಂತವರು, ಕಲ್ಲಿನಲ್ಲಿ ಬಳ್ಳಿಯನ್ನು ಹೀಗೂ ಸುತ್ತಿಸಬಹುದೇ ಎಂದು ಬೆರಗಾಗದೆ ಹಿಂದಿರುಗಲಾರರು.

ಆದರೆ ಈ ಲೇಖನದ ವಿಷಯ ನೊಳಂಬರ ಕೀರ್ತಿಯಲ್ಲ. ಅವರ ಕಲ್ಲುಗಳು ಈಗ ಎಲ್ಲೆಲ್ಲಿವೆ, ಅವುಗಳನ್ನು ಮತ್ತೆ ಒಂದೆಡೆ ನೋಡುವ ಬಗೆ ಯಾವುದು ಎಂಬುದು ವಿಷಯ. ಕೆಲವು ಹೇಮಾವತಿಯ ದೇವಾಲಯದಲ್ಲಿಯೂ ಅದರ ಪಕ್ಕದ ವಸ್ತುಸಂಗ್ರಹಾಲಯದಲ್ಲಿಯೂ ಇವೆ. ಕೆಲವು 1851ರಲ್ಲಿ ಸ್ಥಾಪನೆಯಾದ ಚೆನ್ನೈನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿವೆ, ಸಿ. ಶಿವರಾಮಮೂರ್ತಿಯವರು 1964ರಲ್ಲಿ ಅವುಗಳನ್ನು ಕುರಿತೇ ಒಂದು ಪುಸ್ತಿಕೆಯನ್ನು ಬರೆದರು. ಚೋಳರು ನೊಳಂಬವಾಡಿಯನ್ನು ಗೆದ್ದಾಗ ಹೊತ್ತೊಯ್ದವೆಂದು ಕಲೆಯ ಇತಿಹಾಸಕಾರರು ಗುರುತಿಸುವ ಕಂಬಗಳು ಕಾವೇರಿಯ ದಡದ ತಿರುವೈಯಾರಿನ ದೇವಾಲಯದ ಆವರಣದಲ್ಲಿ ನಿಂತಿವೆ. ಅದೇ ಶೈಲಿಯ ಅತ್ಯಂತ ಸೊಗಸಾದ ಒಳಮಾಳಿಗೆ, ನರ್ತಿಸುವ ಶಿವನ ಸುತ್ತ ಅಷ್ಟದಿಕ್ಪಾಲಕರು ಕುಳಿತಿರುವುದು, ಕರ್ನಾಟಕದ ತಿಪಟೂರು ತಾಲ್ಲೂಕಿನ ಅರಳಗುಪ್ಪೆಯಲ್ಲಿದೆ. ಒಂದು ರಾಜಧಾನಿಯ ಕೆಲಸವನ್ನು ನಮ್ಮ ಮಕ್ಕಳು ಪೂರ್ತಿಯಾಗಿ ನೋಡಬೇಕಾದರೆ ಮೂರು ರಾಜ್ಯಗಳ ಬಸ್ಸು ಹತ್ತಬೇಕು. ಕೂಲಿಯವರ ಮಕ್ಕಳಿಗೆ ಅದು ಆಗದ ಮಾತು.

2016ರ ಬೇಸಗೆ ರಜೆಯಲ್ಲಿ ನಾವು ಐದಾರು ಮಂದಿ ಉಪಾಧ್ಯಾಯರು ಚೆನ್ನೈಗೆ ಹೋಗಿದ್ದೆವು. ಅಲ್ಲಿ ಆ ಕಂಬಗಳ ಮುಂದೆ ನಿಂತಾಗ ನಮ್ಮ ಗಣಿತದ ಮಾಸ್ತರರು, “ನಮ್ಮೂರಿನದು ಇಲ್ಲಿಗೇಕೆ ಬಂತು ಸಾರ್?” ಎಂದು ಕೇಳಿದರು. ಉತ್ತರ ಕಷ್ಟವೇನಲ್ಲ. 1953ರಲ್ಲಿ ಆಂಧ್ರ ರಾಜ್ಯವಾಗುವವರೆಗೆ ಮಡಕಶಿರಾ ಮದ್ರಾಸ್ ಪ್ರಾಂತ್ಯಕ್ಕೆ ಸೇರಿತ್ತು. ರಾಜಧಾನಿಯ ವಸ್ತುಸಂಗ್ರಹಾಲಯಕ್ಕೆ ಜಿಲ್ಲೆಯ ಒಳ್ಳೆಯ ಶಿಲ್ಪಗಳು ಹೋದವು. ಹೋದದ್ದು ಕೆಟ್ಟದ್ದೆಂದು ನಾನು ಹೇಳಲಾರೆ. ಹೋಗದೆ ಉಳಿದ ಎಷ್ಟೋ ಕಲ್ಲುಗಳು ದನದ ಕೊಟ್ಟಿಗೆಯ ಮೆಟ್ಟಿಲಾದದ್ದನ್ನು ಕಣ್ಣಾರೆ ಕಂಡಿದ್ದೇನೆ. ಕಲ್ಲನ್ನು ಹಿಂದಕ್ಕೆ ತನ್ನಿರೆಂದು ಕೂಗುವುದು ಸುಲಭ, ತಂದಮೇಲೆ ಕಾಯುವುದು ಕಷ್ಟ. ಆದರೆ ಕಲ್ಲು ಅಲ್ಲಿಯೇ ಇದ್ದು, ಅದರ ತಿಳಿವಳಿಕೆ ಇಲ್ಲಿಗೂ ಬರಬಹುದಲ್ಲ ಎಂಬ ಆಸೆ ಅಂದು ಮೊಳೆಯಿತು.

ಇಂಥ ಆಸೆ ಹೊಸದಲ್ಲ, ಅಸಾಧ್ಯವೂ ಅಲ್ಲ. ಕ್ರೈಸ್ತರ ಬೈಬಲ್ಲಿನ ಒಂದು ಅತಿ ಹಳೆಯ ಗ್ರೀಕ್ ಹಸ್ತಪ್ರತಿ ಇದೆ. ನಾಲ್ಕನೆಯ ಶತಮಾನದ್ದು, ಕೋಡೆಕ್ಸ್ ಸಿನಾಯ್‌ಟಿಕಸ್ ಎಂದು ಅದರ ಹೆಸರು. ಅದು ಈಜಿಪ್ಟಿನ ಸಿನಾಯ್ ಬೆಟ್ಟದ ಸಂತ ಕ್ಯಾಥರೀನಳ ಮಠದಲ್ಲಿತ್ತು. 1844ರಲ್ಲಿ ಟಿಶೆನ್‌ಡಾರ್ಫ್ ಎಂಬ ಜರ್ಮನ್ ವಿದ್ವಾಂಸನು 43 ಹಾಳೆಗಳನ್ನು ಲೈಪ್ಸಿಗ್ ನಗರಕ್ಕೆ ಒಯ್ದನು. 1859ರಲ್ಲಿ ಅದಕ್ಕಿಂತ ದೊಡ್ಡ ಭಾಗ ರಷ್ಯಾದ ಚಕ್ರವರ್ತಿಯ ವಶವಾಯಿತು. 1933ರಲ್ಲಿ ಸೋವಿಯತ್ ಸರ್ಕಾರ ಅದನ್ನು ಒಂದು ಲಕ್ಷ ಪೌಂಡಿಗೆ ಬ್ರಿಟಿಷ್ ಮ್ಯೂಸಿಯಮ್ಮಿಗೆ ಮಾರಿತು. ಮಠದಲ್ಲಿ ಇನ್ನಷ್ಟು ಚೂರುಗಳು 1975ರಲ್ಲಿ ದೊರೆತವು. ಒಂದು ಗ್ರಂಥ, ನಾಲ್ಕು ಊರು. ನಾಲ್ವರಲ್ಲಿ ಯಾರೂ ತಮ್ಮ ಭಾಗವನ್ನು ಬಿಟ್ಟುಕೊಡುವವರಲ್ಲ. ಹೀಗಿರಲು 2005ರಲ್ಲಿ ಲಂಡನ್, ಲೈಪ್ಸಿಗ್, ಸೇಂಟ್ ಪೀಟರ್ಸ್‌ಬರ್ಗ್ ಮತ್ತು ಸಿನಾಯ್ ಮಠದವರು ಒಂದು ಒಪ್ಪಂದ ಮಾಡಿಕೊಂಡರು. ಪ್ರತಿ ಪುಟವನ್ನೂ ಒಂದೇ ಕ್ರಮದಲ್ಲಿ ಛಾಯಾಚಿತ್ರ ತೆಗೆಯಬೇಕು. ನೇರ ಬೆಳಕಿನಲ್ಲಿ ಒಮ್ಮೆ, ಓರೆ ಬೆಳಕಿನಲ್ಲಿ ಒಮ್ಮೆ. ಚರ್ಮದ ಗಾಯ, ಶಾಯಿಯ ತಿದ್ದುಪಡಿ ಎಲ್ಲವನ್ನೂ ಒಂದೇ ಪರಿಭಾಷೆಯಲ್ಲಿ ಬರೆಯಬೇಕು. 2009ರ ವೇಳೆಗೆ ಇಡೀ ಗ್ರಂಥ ಗಣಕಯಂತ್ರದ ಪರದೆಯ ಮೇಲೆ ಒಂದಾಯಿತು. ಅದು ಹೇಗೆ ಊರೂರಿಗೆ ಹಂಚಿಹೋಯಿತು ಎಂಬ ಕಹಿ ಕಥೆಯನ್ನೂ ನಾಲ್ವರೂ ಕೂಡಿಯೇ ಸಂಶೋಧಿಸಬೇಕೆಂದು ಒಪ್ಪಂದದಲ್ಲಿ ಸೇರಿಸಿಕೊಂಡರೆಂಬುದು ನನಗೆ ಅತ್ಯಂತ ಮೆಚ್ಚಿಕೆಯಾದ ಅಂಶ.

ಇಲ್ಲಿ ಕ್ಯಾಮರಾದ ಕೆಲಸ ದೊಡ್ಡದಲ್ಲ. ಒಪ್ಪಂದದ ಕೆಲಸ ದೊಡ್ಡದು. ಗಡಿಯ ಶಾಲೆಯ ಮುಖ್ಯೋಪಾಧ್ಯಾಯನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಶಿರಾ ಕಡೆಯ ಶಾಲೆಯಿಂದ ಮಗುವೊಂದು ವರ್ಗಾವಣೆ ಪತ್ರ ಹಿಡಿದು ನಮ್ಮಲ್ಲಿಗೆ ಬರುತ್ತದೆ. ಅಲ್ಲಿಯ ಕಲಮುಗಳು ಬೇರೆ, ಇಲ್ಲಿಯ ಕಲಮುಗಳು ಬೇರೆ. ಅಲ್ಲಿ ತಂದೆಯ ಹೆಸರಿನ ಮೊದಲಕ್ಷರವನ್ನು ಮಗುವಿನ ಹೆಸರಿಗೆ ಹಚ್ಚುತ್ತಾರೆ. ಇಲ್ಲಿ ಮನೆತನದ ಹೆಸರನ್ನು ಮುಂದಕ್ಕೆ ತರುತ್ತಾರೆ. ಅಲ್ಲಿ ಕನ್ನಡದಲ್ಲಿ ಬರೆದದ್ದು ಇಲ್ಲಿ ಇಂಗ್ಲಿಷಿಗೆ ತಿರುಗಿ, ಅಲ್ಲಿಂದ ತೆಲುಗಿಗೆ ತಿರುಗಿ, ಹತ್ತನೆಯ ತರಗತಿಯ ಪರೀಕ್ಷೆಯ ಹೊತ್ತಿಗೆ ಒಂದೇ ಮಗು ಇಬ್ಬರಾಗಿರುತ್ತದೆ. ಮಗುವಿಗೆ ತನ್ನ ಹೆಸರು ಗೊತ್ತಿದೆ, ಕಾಗದಕ್ಕೆ ಗೊತ್ತಿಲ್ಲ. ವಸ್ತುಸಂಗ್ರಹಾಲಯಗಳ ಪಾಡೂ ಇದೇ. ಹೇಮಾವತಿಯನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಗೆ ಒಂದು ಎಚ್ ಸೇರಿಸುವವರುಂಟು, ಬಿಡುವವರುಂಟು. ಶಾಸನದವರು ಹೆಂಜೇರು ಎನ್ನುತ್ತಾರೆ, ಇನ್ನೂ ಹಿಂದಿನ ರೂಪ ಪೆಂಜೇರು. ಜಿಲ್ಲೆಯ ಕಲಮಿನಲ್ಲಿ ಹಳೆಯ ಪಟ್ಟಿಗಳು ಅನಂತಪುರವೆನ್ನುತ್ತವೆ. 2022ರಿಂದ ಈಚಿನವು ಶ್ರೀ ಸತ್ಯಸಾಯಿ ಜಿಲ್ಲೆ ಎನ್ನಬೇಕು. ಗಣಕಯಂತ್ರಕ್ಕೆ ಇವೆಲ್ಲ ಬೇರೆ ಬೇರೆ ಊರು. ಇವೆಲ್ಲ ಒಂದೇ ಊರು ಎಂದು ಅದಕ್ಕೆ ಹೇಳಿಕೊಡಬೇಕಾದವನು ಮನುಷ್ಯ.

ಈ ತೊಡಕನ್ನು ಬಿಡಿಸುವುದಕ್ಕಾಗಿಯೇ ಲೋಕದ ವಸ್ತುಸಂಗ್ರಹಾಲಯಗಳ ಕಾರ್ಯಕರ್ತರು ದಶಕಗಳ ಕಾಲ ಕೂಡಿ ಕುಳಿತು ಕೆಲಸ ಮಾಡಿದ್ದಾರೆ. ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ಮಂಡಳಿಯ ದಾಖಲೀಕರಣ ಸಮಿತಿಯವರು ರೂಪಿಸಿದ ಒಂದು ಮಾದರಿ 2006ರಲ್ಲಿ ಅಂತರರಾಷ್ಟ್ರೀಯ ಮಾನಕವಾಯಿತು. ಅದರ ವಿಶೇಷವೆಂದರೆ ವಸ್ತುವನ್ನು ಬರಿಯ ವಸ್ತುವೆಂದು ಬರೆಯದೆ, ಅದಕ್ಕೆ ಆದದ್ದನ್ನೆಲ್ಲ ಘಟನೆಗಳಾಗಿ ಬರೆಯುವುದು: ಕಡೆದದ್ದು ಒಂದು ಘಟನೆ, ಒಡೆದದ್ದು ಒಂದು, ಒಯ್ದದ್ದು ಒಂದು, ಹೆಸರಿಟ್ಟದ್ದು ಇನ್ನೊಂದು. ಬೇರೆ ಬೇರೆ ಗ್ರಂಥಾಲಯಗಳಲ್ಲಿರುವ ಚಿತ್ರಗಳನ್ನು ಒಂದೇ ಪರದೆಯಲ್ಲಿ ಅಕ್ಕಪಕ್ಕ ಇಟ್ಟು ನೋಡುವಂಥ ಏರ್ಪಾಡಿಗಾಗಿ 2015ರಲ್ಲಿ ಐ.ಐ.ಐ.ಎಫ್. ಎಂಬ ಒಕ್ಕೂಟ ಹುಟ್ಟಿತು. ಫ್ರಾನ್ಸಿನ ಶಾತೋರೂ ಎಂಬ ಊರಿನ ಹಸ್ತಪ್ರತಿಯಿಂದ ಯಾರೋ ಕತ್ತರಿಸಿಕೊಂಡ ಚಿತ್ರಗಳು ಪ್ಯಾರಿಸ್ಸಿನ ರಾಷ್ಟ್ರೀಯ ಗ್ರಂಥಾಲಯದಲ್ಲಿವೆ. ಈ ಏರ್ಪಾಡಿನಿಂದ ಪುಟದ ತೂತಿನ ಮೇಲೆ ಆ ಚಿತ್ರವನ್ನು ಮತ್ತೆ ಕೂರಿಸಿ ತೋರಿಸಿದರು. ನಮ್ಮ ದೇಶದಲ್ಲಿಯೂ ಪುಣೆಯ ಸಿ-ಡ್ಯಾಕ್ ಸಂಸ್ಥೆಯವರು ವಸ್ತುಸಂಗ್ರಹಾಲಯಗಳಿಗಾಗಿ ಒಂದು ತಂತ್ರಾಂಶವನ್ನು ರಚಿಸಿ, ಅದಕ್ಕೆ ‘ಜತನ್’ ಎಂದು ಹೆಸರಿಟ್ಟಿದ್ದಾರೆ. ಹೈದರಾಬಾದಿನ ಸಾಲಾರ್‌ಜಂಗ್ ಸೇರಿದಂತೆ ಕೇಂದ್ರ ಸರ್ಕಾರದ ಹತ್ತು ಸಂಗ್ರಹಾಲಯಗಳಲ್ಲಿ ಅದರ ಕೆಲಸ ಮೊದಲಾಯಿತು. ಜತನವೆಂಬ ಮಾತು ನಮ್ಮ ಹೆಂಗಸರ ಬಾಯಲ್ಲಿ ದಿನವೂ ಇರುವಂಥದು. ಬಿತ್ತನೆ ರಾಗಿಯನ್ನು ಜತನವಾಗಿಡು ಎನ್ನುತ್ತಾರೆ. ಯಂತ್ರದ ಕೆಲಸಕ್ಕೆ ಇಷ್ಟು ಒಪ್ಪುವ ಹೆಸರು ಸಿಕ್ಕಿದ್ದು ಅಪರೂಪ.

ಇನ್ನು ನಮ್ಮ ಹಳ್ಳಿಯ ಮಾತಿಗೆ ಬರುತ್ತೇನೆ. ನಮ್ಮ ಶಾಲೆಯ ಹಿಂಬದಿಯಲ್ಲಿ, ಹುಣಸೆಮರದ ಕೆಳಗೆ, ಒಂದು ವೀರಗಲ್ಲಿದೆ. ಊರವರು ಅದನ್ನು ಈರಗಾರಪ್ಪ ಎನ್ನುತ್ತಾರೆ. ಸೊಂಟದೆತ್ತರದ ಕಲ್ಲು, ಬಿಲ್ಲು ಹಿಡಿದ ಒಬ್ಬ ವೀರ, ಅವನ ಹಿಂದೆ ದನಗಳ ಸಾಲು. ಮೇಲ್ಭಾಗ ಒಡೆದುಹೋಗಿದೆ. 2019ರಲ್ಲಿ ಒಂದು ಸಂಸ್ಥೆಯ ತಂಡ ಜೀಪಿನಲ್ಲಿ ಬಂದು, ಬೆಲೆಬಾಳುವ ಯಂತ್ರಗಳಿಂದ ನಮ್ಮ ಊರಿನ ಮತ್ತು ಸುತ್ತಣ ಊರುಗಳ ಕಲ್ಲುಗಳನ್ನು ಎರಡು ದಿನ ಅಳೆದು ಚಿತ್ರ ತೆಗೆದುಕೊಂಡಿತು. ಹುಡುಗರು ಸಭ್ಯರು, ಕೆಲಸದಲ್ಲಿ ಚುರುಕು. ಶಾಲೆಯಲ್ಲಿ ಮಜ್ಜಿಗೆ ಕುಡಿದರು. ಪ್ರತಿಯೊಂದನ್ನು ಕಳುಹಿಸುತ್ತೇವೆಂದರು. ಎರಡು ವರ್ಷವಾದರೂ ಏನೂ ಬರಲಿಲ್ಲ. ಬರೆದ ಮೂರು ಪತ್ರಗಳಿಗೆ ಉತ್ತರವೂ ಇಲ್ಲ. ಕೊನೆಗೆ ಬೆಂಗಳೂರಿನಲ್ಲಿ ಎಂಜಿನಿಯರನಾಗಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಎಲ್ಲಿಂದಲೋ ಅವರ ಪಟ್ಟಿಯನ್ನು ಹುಡುಕಿ ತಂದುಕೊಟ್ಟನು. ನಮ್ಮ ಈರಗಾರಪ್ಪನ ಎದುರಿಗೆ ಇಂಗ್ಲಿಷಿನಲ್ಲಿ ನಾಲ್ಕೇ ಪದ: ವೀರಗಲ್ಲು, ಭಗ್ನ, ಬರೆಹವಿಲ್ಲ. ಅಳತೆ ಮಾತ್ರ ಮಿಲಿಮೀಟರಿನವರೆಗೆ ಸರಿಯಾಗಿತ್ತು.

ಆ ಪಟ್ಟಿಯನ್ನು ಶಾಲೆಯ ಜಗಲಿಯಲ್ಲಿ ಓದುತ್ತಿದ್ದಾಗ, ಮೊಮ್ಮಗಳನ್ನು ಕರೆದೊಯ್ಯಲು ಬಂದಿದ್ದ ಕೆರೆಕೋಡಿಯ ಮನೆಯ ಅಜ್ಜಿ ಕೇಳಿಸಿಕೊಂಡರು. ಪ್ರತಿ ಸೋಮವಾರ ಆ ಕಲ್ಲಿಗೆ ದೀಪ ಹಚ್ಚುವವರು ಅವರೇ.

“ಮೇಲ್ಗಡೆದು ಹೋಗೈತೆ ಅಂತ ಯಾರ್ ಹೇಳಿದ್ರು ಮೇಷ್ಟ್ರೇ? ತೂಬಿನ ತಾವ ಬಟ್ಟೆ ಒಗೀತಾರಲ್ಲ, ಆ ಕಲ್ಲೇ ಅಲ್ವಾ? ನಮ್ಮತ್ತೆ ಅದರ ಮೇಲೆ ಕಾಲಿಡ್ತಿರಲಿಲ್ಲ.”

“ಅವರು ಬಂದು ಅಳೆಯುವಾಗ ತಾವು ಅಲ್ಲಿಯೇ ಇದ್ದಿರಲ್ಲ ಅಜ್ಜಿ, ಹೇಳಲಿಲ್ಲವೇ?” ಎಂದೆ.

“ಕೇಳ್ಲಿಲ್ವಲ್ಲಪ್ಪ,” ಎಂದರು.

ಮರುದಿನವೇ ನಾವು ತೂಬಿನ ಬಳಿಗೆ ಹೋದೆವು. ಕಲ್ಲು ಕವುಚಿ ಬಿದ್ದಿರಲಿಲ್ಲ, ನಮ್ಮ ಪುಣ್ಯಕ್ಕೆ ಅಲ್ಲ, ದುರದೃಷ್ಟಕ್ಕೆ; ಕೆತ್ತಿದ ಮುಖವೇ ಮೇಲಾಗಿ, ತಲೆಮಾರುಗಳ ಸಬಕಾರ ಮತ್ತು ಸೀರೆಗಳ ಏಟಿಗೆ ನಡುಭಾಗ ನುಣುಪಾಗಿ ಸವೆದಿತ್ತು. ಅಂಚಿನಲ್ಲಿ ಮಾತ್ರ ಅಪ್ಸರೆಯರು ವೀರನನ್ನು ಮೇಲಕ್ಕೆ ಒಯ್ಯುವ ಚಿತ್ರದ ತುಣುಕು, ಅದರ ಕೆಳಗೆ ಗೆರೆಗಳಂತೆ ಏನೋ. ಹಗಲ ಬೆಳಕಿನಲ್ಲಿ ಅವು ಬರಿಯ ಗೀರು. ಸಂಜೆ ಸೂರ್ಯ ಏರಿಯ ಮಟ್ಟಕ್ಕೆ ಇಳಿದು ಬೆಳಕು ಓರೆಯಾದಾಗ ಗೀರುಗಳಿಗೆ ನೆರಳು ಹುಟ್ಟಿ, ನೆರಳುಗಳು ಅಕ್ಷರಗಳಾದವು. ಓರೆ ಬೆಳಕಿನ ಈ ಉಪಾಯ ಶಾಸನ ಓದುವವರಿಗೆ ಮೊದಲಿನಿಂದ ಗೊತ್ತು. ಬೇರೆ ಬೇರೆ ದಿಕ್ಕಿನಿಂದ ಬೆಳಕು ಬಿಟ್ಟು ತೆಗೆದ ಚಿತ್ರಗಳನ್ನೆಲ್ಲ ಸೇರಿಸಿ, ಪರದೆಯ ಮೇಲೆ ನಮಗೆ ಬೇಕಾದ ಕಡೆಯಿಂದ ದೀಪ ಹಿಡಿದಂತೆ ನೋಡುವ ವಿಧಾನವನ್ನು 2001ರಲ್ಲಿ ಅಮೆರಿಕದ ಹ್ಯೂಲೆಟ್ ಪ್ಯಾಕರ್ಡ್ ಪ್ರಯೋಗಶಾಲೆಯವರು ಪ್ರಕಟಿಸಿದರು. ನಮ್ಮ ಬಳಿ ಅದಿರಲಿಲ್ಲ. ಒಂದು ಮೊಬೈಲ್ ಫೋನು, ಒಂದು ಟಾರ್ಚು, ಒಂದು ಅಡಿಕೋಲು, ಏಳನೆಯ ತರಗತಿಯ ಒಂಬತ್ತು ಮಕ್ಕಳು ಇದ್ದರು.

ನನ್ನ ಹಳೆಯ ವಿದ್ಯಾರ್ಥಿಯು ಕಲಿಸಿದ ಕ್ರಮ ಹೀಗಿದೆ. ಬೇರೆ ಊರಿನ ಉಪಾಧ್ಯಾಯ ಮಿತ್ರರಿಗೆ ಉಪಯೋಗವಾದೀತೆಂದು ವಿವರವಾಗಿ ಬರೆಯುತ್ತೇನೆ. ಬಿಸಿಲು ಚುಚ್ಚದ, ಮೋಡ ಕವಿದ ಹೊತ್ತು ಒಳ್ಳೆಯದು. ಕಲ್ಲನ್ನು ಬರಿಯ ನೀರಿನಿಂದ, ಮೆದು ಕುಂಚದಿಂದ ತೊಳೆಯಬೇಕು. ಸುಣ್ಣ, ಹಿಟ್ಟು, ಬೂದಿ ಉಜ್ಜಬಾರದು. ಅಡಿಕೋಲನ್ನು ಪಕ್ಕದಲ್ಲಿಟ್ಟು, ಕಲ್ಲಿನ ಸುತ್ತ ಒಂದೊಂದೇ ಹೆಜ್ಜೆ ನಡೆಯುತ್ತ ಚಿತ್ರ ತೆಗೆಯಬೇಕು. ಒಂದು ಚಿತ್ರದಲ್ಲಿ ಕಂಡ ಭಾಗದ ಅರ್ಧಕ್ಕಿಂತ ಹೆಚ್ಚು ಮುಂದಿನ ಚಿತ್ರದಲ್ಲಿಯೂ ಕಾಣಬೇಕು. ಮೇಲಿನಿಂದ ಒಂದು ಸುತ್ತು, ನಡುವಿನಿಂದ ಒಂದು ಸುತ್ತು, ಕೆಳಗಿನಿಂದ ಒಂದು ಸುತ್ತು. ಎರಡೂ ತುಂಡುಗಳಿಗೆ ಸೇರಿ ನಮ್ಮ ಮಕ್ಕಳು ನೂರಾ ಎಂಬತ್ತು ಚಿತ್ರ ತೆಗೆದರು. ಒಂದೇ ಬಿಂದು ಹಲವು ಚಿತ್ರಗಳಲ್ಲಿ ಎಲ್ಲೆಲ್ಲಿ ಕಾಣುತ್ತದೆಂದು ಗಣಕಯಂತ್ರ ಹೋಲಿಸಿ, ತ್ರಿಕೋನದ ಲೆಕ್ಕದಿಂದ ಆ ಬಿಂದು ಆಕಾಶದಲ್ಲಿ ಎಲ್ಲಿದೆ ಎಂದು ಕಂಡುಹಿಡಿಯುತ್ತದೆ. ಅಂಥ ಲಕ್ಷಾಂತರ ಬಿಂದುಗಳು ಕೂಡಿ ಉದ್ದ, ಅಗಲ, ಆಳವುಳ್ಳ ಕಲ್ಲಿನ ಪ್ರತಿರೂಪವಾಗುತ್ತದೆ. ಗಣಿತದ ಮಾಸ್ತರರು ಈ ನೆಪದಲ್ಲಿ ಒಂದು ವಾರ ತ್ರಿಕೋನಗಳನ್ನು ಕಲಿಸಿದರು. ಅವರ ಪಾಠಕ್ಕೆ ಮಕ್ಕಳು ಅಷ್ಟು ಆಸ್ಥೆಯಿಂದ ಕುಳಿತದ್ದನ್ನು ನಾನು ಹಿಂದೆ ನೋಡಿರಲಿಲ್ಲ.

ಪರದೆಯ ಮೇಲೆ ಎರಡು ತುಂಡುಗಳನ್ನು ಕೂಡಿಸಿ ನನ್ನ ವಿದ್ಯಾರ್ಥಿಯು ಊರವರಿಗೆ ತೋರಿಸಿದ ದಿನ ಪಂಚಾಯಿತಿ ಕಟ್ಟೆಯಲ್ಲಿ ಜಾತ್ರೆಯೇ ಸೇರಿತು. ಎಲ್ಲರೂ ಭಲೇ ಎಂದರು. ನಮ್ಮ ಊರಿನ ಕಲ್ಲುಕುಟಿಗ ಮಾತ್ರ ತಲೆಯಾಡಿಸಿ, “ಒಡಕಿನ ಬಾಯಿ ಕೂಡ್ತಿಲ್ಲ ಸಾಮಿ. ಕಲ್ಲು ಎಡಗಡೆಯಿಂದ ಏಟು ತಿಂದಿದೆ. ಮೇಲಿನದು ಒಂದು ಬೆರಳು ಬಲಕ್ಕೆ ಸರೀಬೇಕು,” ಎಂದನು. ಸರಿಸಿದಾಗ ಕೆಳಗಿನ ತುಂಡಿನ ಬಿಲ್ಲಿನ ತುದಿಯೂ ಮೇಲಿನ ತುಂಡಿನಲ್ಲಿ ಅದುವರೆಗೆ ಏನೆಂದು ತಿಳಿಯದೆ ಇದ್ದ ಒಂದು ಕೊಂಕು ಗೆರೆಯೂ ಕೂಡಿ ಒಂದಾದವು. ಎಂಜಿನಿಯರನಿಗೆ ಯಂತ್ರ ಗೊತ್ತಿತ್ತು, ಕುಟಿಗನಿಗೆ ಏಟು ಗೊತ್ತಿತ್ತು, ಅಜ್ಜಿಗೆ ಕಲ್ಲು ಎಲ್ಲಿದೆಯೆಂಬುದು ಗೊತ್ತಿತ್ತು.

ಓದುವ ವಿದ್ಯೆ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಹಳಗನ್ನಡ ಲಿಪಿಯನ್ನು ಬಲ್ಲ ನಿವೃತ್ತ ಅಧ್ಯಾಪಕರೊಬ್ಬರು ತುಮಕೂರಿನಿಂದ ಪ್ರತಿರೂಪವನ್ನು ತಿರುಗಿಸಿ ಮುರುಗಿಸಿ ನೋಡಿ, ಮೂರು ಸಾಲುಗಳಿವೆಯೆಂದರು. ಮೊದಲು ‘ಸ್ವಸ್ತಿ ಶ್ರೀ’; ಅದೇ ಸಾಲಿನ ಕೊನೆಗೆ ‘ನೊಳಂ’ ಎಂಬಷ್ಟು; ಮೂರನೆಯ ಸಾಲಿನಲ್ಲಿ ‘ತುಱು’ ಎಂಬ ಎರಡು ಅಕ್ಷರ, ಎಂದರೆ ದನ. ಅಕ್ಷರದ ರೂಪದಿಂದ ಒಂಬತ್ತು ಹತ್ತನೆಯ ಶತಮಾನದ್ದಿರಬೇಕೆಂಬುದು ಅವರ ಅಭಿಪ್ರಾಯ. ನಡುವಿನ ಸಾಲಿನಲ್ಲಿ ವೀರನ ಹೆಸರು ಇದ್ದಿರಬೇಕು. ಅಲ್ಲಿಯೇ ಸೀರೆಗಳ ಏಟು ಹೆಚ್ಚಾಗಿ ಬಿದ್ದಿದೆ. ಯಾವ ಯಂತ್ರವೂ ಇಲ್ಲದ ಅಕ್ಷರವನ್ನು ತೋರಿಸಲಾರದು. ‘ಬರೆಹವಿಲ್ಲ’ ಎಂಬ ಪಟ್ಟಿಯ ಮಾತು ಇನ್ನೊಂದು ಐವತ್ತು ವರ್ಷ ಕಳೆದಿದ್ದರೆ ನಿಜವೇ ಆಗುತ್ತಿತ್ತು.

ಕಲ್ಲನ್ನು ಮೇಲೆತ್ತಿ ತಂದು ಈರಗಾರಪ್ಪನ ಮೇಲೆ ಕೂರಿಸಬೇಕೆಂದು ಕೆಲವರು ಹೇಳಿದರು, ಬೇಡವೆಂದು ಕೆಲವರು. ತೂಬಿನ ಬಳಿ ಬೇರೊಂದು ಒಗೆಯುವ ಕಲ್ಲನ್ನು ಹಾಕಿಸಿ, ಇದನ್ನು ಏರಿಯ ಬದಿಗೆ ಸರಿಸಿಡುವುದೆಂದು ಪಂಚಾಯಿತಿಯಲ್ಲಿ ತೀರ್ಮಾನವಾಯಿತು. ಹೆಂಗಸರು ಮೊದಲು ಗೊಣಗಿದರೂ ಹೊಸ ಕಲ್ಲು ಅಗಲವಾಗಿದೆಯೆಂದು ಈಗ ಸಮಾಧಾನಪಟ್ಟಿದ್ದಾರೆ.

ನಗರಗಳಲ್ಲಿ ಇಂಥ ಕೆಲಸ ದೊಡ್ಡ ಪ್ರಮಾಣದಲ್ಲಿ ನಡೆದಿದೆ. 1909ರಲ್ಲಿ ಹುಟ್ಟಿದ ಬೆಂಗಳೂರಿನ ಮಿಥಿಕ್ ಸೊಸೈಟಿಯವರು 2021ರಿಂದ ಬೆಂಗಳೂರು ಸುತ್ತಣ ಶಾಸನಗಳನ್ನು ಮೂರ್ತರೂಪದಲ್ಲಿ ಸ್ಕ್ಯಾನ್ ಮಾಡುತ್ತ ಬಂದಿದ್ದಾರೆ. ಅದಕ್ಕೂ ಮೊದಲು ಸಂಬಳವಿಲ್ಲದೆ ಭಾನುವಾರಗಳಲ್ಲಿ ಕಲ್ಲು ಹುಡುಕಿಕೊಂಡು ಹೊರಟ ಉದ್ಯೋಗಸ್ಥರು ಈ ಕೆಲಸಕ್ಕೆ ದಾರಿ ಮಾಡಿದರು, ಸುಮಾರು ಕ್ರಿ.ಶ. 750ರ ಹೆಬ್ಬಾಳದ ಕಿತ್ತಯ್ಯನ ಶಾಸನ 2018ರಲ್ಲಿ ಬೆಳಕಿಗೆ ಬಂದದ್ದು ಅಂಥ ಆಸಕ್ತರಿಂದಲೇ. ಅವರ ಕೈಯಲ್ಲಿ ದಾರಿದೀಪವಾಗಿದ್ದುದು ಬಿ.ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕ. ಬೆಂಗಳೂರು ಜಿಲ್ಲೆಯ ಸಂಪುಟ 1905ರದು. ರೈಸ್ ಅವರ ಸಂಪುಟಗಳು ಬಹುಮಟ್ಟಿಗೆ ಮೈಸೂರು ಸಂಸ್ಥಾನದ ಎಲ್ಲೆಗೆ ನಿಲ್ಲುತ್ತವೆ. ನಮ್ಮ ಮಡಕಶಿರಾ, ರಾಯದುರ್ಗ, ಆದವಾನಿ ಸೀಮೆಯ ಕನ್ನಡ ಶಾಸನಗಳಿಗಾಗಿ ‘ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್’ ಮಾಲೆಯ ಒಂಬತ್ತನೆಯ ಸಂಪುಟವನ್ನು ನೋಡಬೇಕು. ಮದ್ರಾಸ್ ಪ್ರಾಂತ್ಯದ ಕನ್ನಡ ಶಾಸನಗಳೆಂಬ ಹೆಸರಿನಲ್ಲಿ 1939ರಲ್ಲಿ ಒಂದು ಭಾಗ, 1941ರಲ್ಲಿ ಇನ್ನೊಂದು. ಪುಸ್ತಕದಲ್ಲಿಯೂ ಗಡಿ ಬಿದ್ದಿದೆಯೆಂಬುದನ್ನು ಗಮನಿಸಬೇಕು.

ಆ ಶಾಸನಗಳ ಮೇಲೆ ಒದ್ದೆ ಕಾಗದ ಒತ್ತಿ, ಮಸಿ ತಟ್ಟಿ ತೆಗೆದ ಪಡಿಯಚ್ಚುಗಳ ಕಥೆಯೂ ಹೀಗೆಯೇ. ಭಾರತೀಯ ಪುರಾತತ್ತ್ವ ಇಲಾಖೆಯ ಶಾಸನ ಕಚೇರಿ ಮೊದಲು ಊಟಿಯಲ್ಲಿದ್ದು 1966ರಲ್ಲಿ ಮೈಸೂರಿಗೆ ಬಂತು. ತಮಿಳು ಶಾಸನಗಳ ಅಚ್ಚುಗಳನ್ನು ಚೆನ್ನೈಗೆ ಕಳುಹಿಸಬೇಕೆಂದು 2021ರಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯದ ಮಧುರೈ ಪೀಠ ಆಜ್ಞೆ ಮಾಡಿತು. ತಮ್ಮ ಭಾಷೆಯ ಕಾಗದ ತಮ್ಮ ಹತ್ತಿರವಿರಲೆಂಬ ಅವರ ಹಂಬಲ ನನಗೆ ಅರ್ಥವಾಗುತ್ತದೆ. ಗಡಿಯಲ್ಲಿ ಬಾಳುವವರಿಗಿಂತ ಚೆನ್ನಾಗಿ ಅದನ್ನು ಇನ್ನಾರು ಬಲ್ಲರು? ಆದರೆ ಕಾಗದ ಒಂದೇ ಊರಿನಲ್ಲಿರಬಲ್ಲದು. ತಮಿಳು ನೆಲದ ಕನ್ನಡ ಶಾಸನ, ಆಂಧ್ರ ನೆಲದ ಕನ್ನಡ ಶಾಸನ ಯಾವ ಬೀರುವಿಗೆ ಹೋಗಬೇಕು? ಡಿಜಿಟಲ್ ಪ್ರತಿಗೆ ಈ ಇಕ್ಕಟ್ಟಿಲ್ಲ. 2023ರ ಕೇಂದ್ರ ಮುಂಗಡಪತ್ರದಲ್ಲಿ ಮೊದಲ ಹಂತದಲ್ಲಿ ಒಂದು ಲಕ್ಷ ಶಾಸನಗಳನ್ನು ಡಿಜಿಟಲ್ ರೂಪಕ್ಕೆ ತರುವ ‘ಭಾರತ್ ಶ್ರೀ’ ಎಂಬ ಯೋಜನೆಯನ್ನು ಘೋಷಿಸಿದರು. ಆ ಲಕ್ಷದಲ್ಲಿ ನಮ್ಮವು ಸೇರುವಾಗ ಊರಿನ ಹೆಸರನ್ನು, ಕಲ್ಲಿನ ಹೆಸರನ್ನು ಯಾರನ್ನು ಕೇಳಿ ಬರೆಯುತ್ತಾರೆಂಬುದೇ ನನ್ನ ಚಿಂತೆ.

ಚಿಂತೆಗೆ ಕಾರಣವಿದೆ. ನಾನು ಶಿಕ್ಷಕರ ತರಬೇತಿ ಮುಗಿಸಿ ಈ ಶಾಲೆಗೆ ಬಂದಾಗ ಕನ್ನಡ ಮಾಧ್ಯಮದಲ್ಲಿ ಎಷ್ಟು ಮಕ್ಕಳಿದ್ದರೋ ಈಗ ಅದರ ಅರ್ಧವೂ ಇಲ್ಲ. ತಂದೆತಾಯಿಗಳನ್ನು ದೂರುವುದಿಲ್ಲ, ಹೊಟ್ಟೆಯ ದಾರಿ ಬೇರೆ ಕಡೆಗಿದೆ. ಆದರೆ ಹಾಜರಿ ಪುಸ್ತಕದಲ್ಲಿ ಇಂದಿಗೂ ಹೆಂಜೇರಪ್ಪ ಎಂಬ ಹೆಸರಿನ ಇಬ್ಬರು ಹುಡುಗರಿದ್ದಾರೆ. ರಾಜಧಾನಿ ಅಳಿದು, ಊರಿನ ಹೆಸರು ಬದಲಾದ ಮೇಲೂ ದೇವರ ಹೆಸರಾಗಿ, ಮಗುವಿನ ಹೆಸರಾಗಿ ಹೆಂಜೇರು ಉಳಿದಿದೆ. ಇನ್ನೊಂದು ತಲೆಮಾರಿನ ಮೇಲೆ ಆ ಹೆಸರನ್ನು ಬಿಡಿಸಿ ಹೇಳುವವರು ಇಲ್ಲವಾದರೆ, ಚಿತ್ರ ಎಷ್ಟು ಸ್ಫುಟವಾಗಿದ್ದರೇನು?

ಇನ್ನೊಂದು ಎಚ್ಚರಿಕೆಯ ಕಥೆಯನ್ನು ಹೇಳಲೇಬೇಕು, ಏಕೆಂದರೆ ಅದರಲ್ಲಿ ಶಾಲೆಗಳದೇ ಮುಖ್ಯ ಪಾತ್ರ. ಇಂಗ್ಲೆಂಡಿನಲ್ಲಿ 1086ರಲ್ಲಿ ರಾಜನು ಮಾಡಿಸಿದ ಭೂಮಿಕಾಣಿಗಳ ಲೆಕ್ಕಕ್ಕೆ ಡೂಮ್ಸ್‌ಡೇ ಪುಸ್ತಕವೆಂದು ಹೆಸರು. ಅದರ ಒಂಬೈನೂರನೆಯ ವರ್ಷದ ನೆನಪಿಗಾಗಿ 1986ರಲ್ಲಿ ಬಿ.ಬಿ.ಸಿ.ಯವರು ಆ ದೇಶವನ್ನು ನಾಲ್ಕು ಕಿಲೋಮೀಟರ್ ಉದ್ದ, ಮೂರು ಕಿಲೋಮೀಟರ್ ಅಗಲದ ಚೌಕಗಳಾಗಿ ವಿಂಗಡಿಸಿ, ಶಾಲೆಯ ಮಕ್ಕಳಿಂದ ತಮ್ಮ ತಮ್ಮ ಊರಿನ ಚಿತ್ರ, ವಿವರ ಬರೆಸಿ ತರಿಸಿದರು. ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ಕೈಗೂಡಿಸಿದರು. ಎಲ್ಲವನ್ನೂ ಲೇಸರ್ ತಟ್ಟೆಗಳಲ್ಲಿ ತುಂಬಿದರು. ಹದಿನೈದು ವರ್ಷ ಕಳೆಯುವುದರೊಳಗೆ ಆ ತಟ್ಟೆಯನ್ನು ಓದುವ ಯಂತ್ರಗಳೇ ಅಪರೂಪವಾದವು. 2002ರಲ್ಲಿ ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾಲಯಗಳ ತಜ್ಞರು ಹೆಣಗಿ ಅದರೊಳಗಿನದನ್ನು ಹೊರತೆಗೆಯಬೇಕಾಯಿತು. ಚರ್ಮದ ಮೇಲೆ ಬರೆದ 1086ರ ಪುಸ್ತಕವನ್ನಾದರೋ ಇಂದಿಗೂ ಕಣ್ಣಿದ್ದವರು ಓದಬಹುದು.

ಆದ್ದರಿಂದ ನಮ್ಮ ಶಾಲೆಯಲ್ಲಿ ಎರಡೂ ಬಗೆಯನ್ನು ಇಟ್ಟುಕೊಂಡಿದ್ದೇವೆ. ಪ್ರತಿ ಕಲ್ಲಿಗೂ ಒಂದು ಹಾಳೆ, ಒಳ್ಳೆಯ ಕಾಗದದಲ್ಲಿ, ಮಕ್ಕಳ ಕೈಬರಹದಲ್ಲಿ. ಅದಕ್ಕೆ ಮೂರು ಪ್ರತಿ. ಒಂದು ಶಾಲೆಯಲ್ಲಿ, ಒಂದು ಪಂಚಾಯಿತಿಯಲ್ಲಿ, ಒಂದು ಕಲ್ಲು ಯಾರ ಜಮೀನಿನಲ್ಲಿದೆಯೋ ಅವರ ಮನೆಯಲ್ಲಿ. ಚಿತ್ರಗಳೂ ಪ್ರತಿರೂಪಗಳೂ ಎರಡು ಡಿಸ್ಕುಗಳಲ್ಲಿ. ಅವು ಓದಲು ಬರುತ್ತವೆಯೇ ಎಂದು ವರ್ಷಕ್ಕೊಮ್ಮೆ, ಗಣರಾಜ್ಯೋತ್ಸವದ ಮರುದಿನ ತೆರೆದು ನೋಡುತ್ತೇವೆ. ಹಾಳೆಯ ಕಲಮುಗಳನ್ನು ಅಂತರರಾಷ್ಟ್ರೀಯ ಮಾದರಿಗೆ ಹೊಂದುವಂತೆ ನನ್ನ ವಿದ್ಯಾರ್ಥಿಯು ಏರ್ಪಡಿಸಿದ್ದಾನೆ. ನಾವು ಸೇರಿಸಿದ ಕಲಮುಗಳು ಎರಡು. ಊರವರು ಕರೆಯುವ ಹೆಸರು. ಯಾರನ್ನು ಕೇಳಿ ಬರೆದದ್ದು. ಇದುವರೆಗೆ ಹತ್ತೊಂಬತ್ತು ಕಲ್ಲುಗಳಾಗಿವೆ. ಈ ಹಾಳೆಗಳ ನಕಲನ್ನು ಎರಡು ವಸ್ತುಸಂಗ್ರಹಾಲಯಗಳಿಗೆ ಕಳುಹಿಸಿ, ಅವರಲ್ಲಿರುವ ಹೆಂಜೇರಿನ ಶಿಲ್ಪಗಳ ಚಿತ್ರಗಳನ್ನು ನಮ್ಮ ಮಕ್ಕಳಿಗೆ ದೊರಕಿಸಿಕೊಡಬೇಕೆಂದು ಕೇಳಿದ್ದೆವು. ಒಂದು ಕಡೆಯಿಂದ ಉತ್ತರ ಬಂದಿದೆ: ಹಾಳೆಯ ಆ ಎರಡು ಕಲಮುಗಳನ್ನು ಕುರಿತು ಇನ್ನಷ್ಟು ತಿಳಿಸಿರೆಂದು.

ಇಪ್ಪತ್ತನೆಯ ಕಲ್ಲು ಎಲ್ಲಿದೆಯೆಂದು ಕೆರೆಕೋಡಿಯ ಅಜ್ಜಿಯೇ ಹೇಳಿದ್ದಾರೆ. ಅವರ ತವರಿನ ರಾಗಿ ಹೊಲದ ಬದುವಿನಲ್ಲಿ ಒಂದು ಬರೆಹದ ಕಲ್ಲುಂಟು. ಆ ಹೊಲದ ಅರ್ಧ ಆಂಧ್ರದ ಪಹಣಿಯಲ್ಲಿದೆ, ಅರ್ಧ ಕರ್ನಾಟಕದ ಪಹಣಿಯಲ್ಲಿದೆ. ಕಲ್ಲು ನಿಂತಿರುವುದು ಸರಿಯಾಗಿ ನಡು ಬದುವಿನ ಮೇಲೆ. ಕಟಾವಾದ ಮೇಲೆ ಹೋಗುವುದೆಂದು ಗೊತ್ತುಮಾಡಿದ್ದೇವೆ. ಹಾಳೆಯಲ್ಲಿ ರಾಜ್ಯ ಎಂಬ ಕಲಮಿನ ಎದುರಿಗೆ ಏನು ಬರೆಯುವುದು ಸಾರ್ ಎಂದು ಮಕ್ಕಳು ಈಗಲೇ ಕೇಳುತ್ತಿದ್ದಾರೆ. ಎರಡನ್ನೂ ಬರೆಯಿರಿ, ಜಾಗ ಸಾಲದಿದ್ದರೆ ಗೆರೆಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಳ್ಳಿರಿ ಎಂದು ಹೇಳಿದ್ದೇನೆ.